ನೆಲಮಾಳಿಗೆಯ ವಾಸವೂ ಏಳು ಅಡಿಯ ಕಟ್ಟಳೆಯೂ

ಕನ್ನಡನಾಡಿನ ಬಯಲುಸೀಮೆಯಲ್ಲಿ ನೆಲದೊಳಗೆ ವಾಸಿಸುವ ಹಕ್ಕು ಕಾಳುಕಡಿಗಳಿಗೆ ಮಾತ್ರವೇ ಇದ್ದಿತು. ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಇರಿಸುತ್ತಿದ್ದ ಒಕ್ಕಲುಮಕ್ಕಳು ಅದನ್ನು ತೆರೆದ ದಿವಸ ಒಡನೆಯೇ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಕ್ಕೆ ಹೋಗುವಷ್ಟು ಹೊತ್ತು ಕಾದು ಆಮೇಲೆ ಇಳಿಯುತ್ತಿದ್ದರು. ಕಾಯದೆ ಇಳಿದು ಉಸಿರು ಕಟ್ಟಿ ಸತ್ತವರ ಸುದ್ದಿ ಆ ಕಡೆಯ ಹಳ್ಳಿಗಳಿಗೆ ಹೊಸದೇನೂ ಅಲ್ಲ. ಕಾಳಿಗೆ ಹಿತವಾದ ಜಾಗವು ಮನುಷ್ಯನಿಗೆ ಹಿತವಲ್ಲವೆಂಬ ಈ ತಿಳಿವಳಿಕೆಯನ್ನು ಹಳ್ಳಿಯವರು ಯಾವ ಶಾಸನದಿಂದಲೂ ಕಲಿತವರಲ್ಲ. ಆದರೆ ಮನುಷ್ಯರೇ ಹಗೇವಿನಂಥ ಜಾಗಗಳಲ್ಲಿ ಸಂಸಾರ ಹೂಡಬೇಕಾಗಿ ಬಂದ ನಗರಗಳೂ ಲೋಕದಲ್ಲಿ ಉಂಟು. ಅಲ್ಲಿ ಆ ತಿಳಿವಳಿಕೆಯು ಅಳತೆಗೋಲಿನ ರೂಪವನ್ನು ತಾಳಿ, ಕಾಯಿದೆಯ ಪುಟಕ್ಕೆ ಏರಿ, ಕಡೆಗೆ ಪರವಾನಗಿಯ ಕಾಗದವಾಯಿತು. ಇಂದು ಅಮೆರಿಕದ ಗೃಹಸ್ಥನೊಬ್ಬನು ತನ್ನ ಮನೆಯ ನೆಲಮಾಳಿಗೆಯಲ್ಲಿ ಒಂದು ಮಲಗುವ ಕೋಣೆಯನ್ನು ಮಾಡಿಸಬೇಕೆಂದು ಪುರಸಭೆಗೆ ಹೋದರೆ, ಅಲ್ಲಿನ ಅಧಿಕಾರಿಯು ಕೇಳುವ ಪ್ರಶ್ನೆಗಳೆಲ್ಲವೂ ಸುಮಾರು ನೂರ ಎಂಬತ್ತು ವರ್ಷಗಳಿಗೆ ಹಿಂದೆ ಇಂಗ್ಲೆಂಡಿನ ಒಂದು ರೇವುಪಟ್ಟಣದ ಕೊಳೆಯಲ್ಲಿ ಹುಟ್ಟಿದುವೆಂಬುದು ಅವನಿಗೆ ತಿಳಿದಿರಲಾರದು.

ಆ ಪಟ್ಟಣವು ಲಿವರ್‌ಪೂಲು. ಹತ್ತಿಯ ವ್ಯಾಪಾರದಿಂದಲೂ, ಅದಕ್ಕೆ ಮೊದಲು ಗುಲಾಮರ ವ್ಯಾಪಾರದಿಂದಲೂ ಕೊಬ್ಬಿದ ಈ ಊರಿನಲ್ಲಿ ೧೮೦೧ರಲ್ಲಿ ಸುಮಾರು ೮೦ ಸಾವಿರ ಜನರಿದ್ದರು. ೧೮೪೧ರ ಹೊತ್ತಿಗೆ ಜನಸಂಖ್ಯೆಯು ಎರಡೂ ಮುಕ್ಕಾಲು ಲಕ್ಷವನ್ನು ಮೀರಿತ್ತು. ಮನೆಗಳು ಆ ವೇಗದಲ್ಲಿ ಏಳಲಿಲ್ಲ. ಕಲ್ಲಿದ್ದಲು, ಆಲೂಗೆಡ್ಡೆ, ಸರಕುಸಾಮಾನುಗಳನ್ನು ಇಡುವುದಕ್ಕೆಂದು ಮನೆಯ ಅಡಿಯಲ್ಲಿ ತೋಡಿದ್ದ ನೆಲಮಾಳಿಗೆಗಳನ್ನು ಮಾಲೀಕರು ಬಾಡಿಗೆಗೆ ಕೊಡತೊಡಗಿದರು. ೧೭೯೦ರಷ್ಟು ಹಿಂದೆಯೇ ಅಲ್ಲಿ ೧,೭೨೮ ನೆಲಮಾಳಿಗೆಗಳಲ್ಲಿ ೬,೭೮೦ ಜನರು ವಾಸವಾಗಿದ್ದರೆಂದು ಎಣಿಕೆಯಾಗಿತ್ತು. ಐವತ್ತು ವರ್ಷಗಳ ಮೇಲೆ ಈ ಸಂಖ್ಯೆ ಎಷ್ಟಕ್ಕೆ ಏರಿತೆಂಬುದರಲ್ಲಿ ಭಿನ್ನಾಭಿಪ್ರಾಯವುಂಟು. ಫ್ರೀಡ್ರಿಕ್ ಎಂಗೆಲ್ಸನು ೧೮೪೫ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ೭,೮೬೨ ನೆಲಮಾಳಿಗೆಗಳನ್ನೂ ೪೫ ಸಾವಿರಕ್ಕೆ ಮಿಗಿಲಾದ ನಿವಾಸಿಗಳನ್ನೂ ಹೇಳಿದನು. ಈ ಅಂಕಿಯೇ ಎಲ್ಲೆಡೆಯೂ ಉದ್ಧೃತವಾಗುತ್ತ ಬಂದಿದೆ. ಆದರೆ ೧೮೪೧ರಲ್ಲಿ ನಗರಸಭೆಯ ಅಳತೆಗಾರರು ಎಣಿಸಿದಾಗ ದೊರೆತದ್ದು, ವಠಾರಗಳೊಳಗಿನವನ್ನು ಬಿಟ್ಟು, ೬,೨೯೪ ನೆಲಮಾಳಿಗೆಗಳು, ೨೦,೧೬೮ ಜನರು. ಎಣಿಸಿದ ಅಂಕಿಯು ಊಹಿಸಿದ ಅಂಕಿಗಿಂತ ಚಿಕ್ಕದಾದರೂ ಅದರ ಭೀಕರತೆ ಕಡಿಮೆಯೇನಲ್ಲ. ಇಪ್ಪತ್ತು ಸಾವಿರ ಜನರೆಂದರೆ ಆ ಕಾಲಕ್ಕೆ ಒಂದು ಸಾಧಾರಣ ಪಟ್ಟಣವೇ ಸರಿ; ಅಂಥದೊಂದು ಪಟ್ಟಣವು ಬೀದಿಗಳ ಕೆಳಗೆ ಇದ್ದಿತು.

ಈ ಬಿಲಗಳನ್ನು ಕಣ್ಣಾರೆ ಕಂಡು ಬರೆದವನು ವಿಲಿಯಂ ಹೆನ್ರಿ ಡಂಕನ್ ಎಂಬ ವೈದ್ಯನು. ೧೮೦೫ರಲ್ಲಿ ಲಿವರ್‌ಪೂಲಿನಲ್ಲಿಯೇ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಕಲಿತು ಬಂದು, ಬಡವರ ಧರ್ಮಾಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಈತನು ರೋಗಿಗಳನ್ನು ನೋಡುವುದಕ್ಕೆ ದಿನವೂ ಮೆಟ್ಟಿಲಿಳಿದು ಹೋಗಬೇಕಾಗಿತ್ತು. ಹತ್ತು ಹನ್ನೆರಡು ಅಡಿ ಚೌಕದ ಒಂದು ಕೋಣೆ. ಕೆಲವೆಡೆ ಅದರ ಎತ್ತರ ಆರು ಅಡಿಗೂ ಕಡಿಮೆ. ಚಪ್ಪಡಿ ಹಾಸದ ಬರಿಯ ಮಣ್ಣಿನ ನೆಲವೂ ಅಪರೂಪವಲ್ಲ. ಅನೇಕ ಕಡೆ ಕಿಟಕಿಯೇ ಇಲ್ಲ. ಬೆಳಕೂ ಗಾಳಿಯೂ ಬಾಗಿಲಿನಿಂದಲೇ ಬರಬೇಕು, ಆ ಬಾಗಿಲಿನ ಮೇಲ್ತುದಿಯೋ ಬೀದಿಯ ಮಟ್ಟಕ್ಕೆ ಸರಿಸಮ. ಮೇಲಿನ ವಠಾರದ ಕೊಚ್ಚೆಯು ಗೋಡೆಯಲ್ಲಿ ಜಿನುಗಿ ಒಳಗೆ ಇಳಿಯುತ್ತಿತ್ತು. ಲಿವರ್‌ಪೂಲಿನ ಮರಣಪ್ರಮಾಣದ ಕಾರಣಗಳನ್ನು ಕುರಿತು ಡಂಕನ್ ೧೮೪೩ರಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದನು. ಊರಿನ ಪ್ರಮುಖರಿಗೆ ಅದು ರುಚಿಸದಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಅವರ ಊರೇ ಇಂಗ್ಲೆಂಡಿನಲ್ಲಿ ಅತ್ಯಂತ ಅನಾರೋಗ್ಯಕರವಾದ ಪಟ್ಟಣವೆಂದು ಅದರಲ್ಲಿ ಅಂಕಿಗಳ ಸಮೇತ ಹೇಳಿತ್ತು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಡಂಕನ್ನನೂ ಅವನ ಕಾಲದ ಬಹುಮಂದಿ ವೈದ್ಯರೂ ಜ್ವರಗಳು ಕೆಟ್ಟ ಗಾಳಿಯಿಂದಲೇ ಹುಟ್ಟುವುವೆಂದು ನಂಬಿದ್ದರು. ಟೈಫಸ್ ಜ್ವರವನ್ನು ಹರಡುವುದು ಬಟ್ಟೆಯ ಹೇನೆಂಬುದನ್ನು ಷಾರ್ಲ್ ನಿಕೋಲನು ತೋರಿಸಿದ್ದು ೧೯೦೯ರಲ್ಲಿ. ಕಾಲರಾ ಹಬ್ಬುವುದು ನೀರಿನ ಮೂಲಕವೆಂದು ಲಂಡನ್ನಿನಲ್ಲಿ ಜಾನ್ ಸ್ನೋ ವಾದಿಸಿದ್ದು ೧೮೫೪ರ ಸುಮಾರಿನಲ್ಲಿ. ಆದುದರಿಂದ ಡಂಕನ್ನನ ಸಿದ್ಧಾಂತವು ತಪ್ಪಾಗಿತ್ತು. ಅವನು ಹೇಳಿದ ಚಿಕಿತ್ಸೆಯು ಮಾತ್ರ ಸರಿಯಾಗಿತ್ತು. ಹತ್ತು ಅಡಿಯ ಕೋಣೆಯಲ್ಲಿ ಹತ್ತು ಜನರು ಒಂದೇ ಹಾಸಿಗೆಯಲ್ಲಿ ಒತ್ತಿಕೊಂಡು ಮಲಗುವುದು ತಪ್ಪಿದರೆ ಹೇನೂ ತಪ್ಪುತ್ತದೆ. ಚರಂಡಿಯು ನೆಲಗಟ್ಟಿನಿಂದ ಕೆಳಗೆ ಹರಿದರೆ ಕುಡಿಯುವ ನೀರೂ ಶುದ್ಧವಾಗಿ ಉಳಿಯುತ್ತದೆ. ಕಾರಣ ತಿಳಿಯದೆಯೂ ಕಾರ್ಯವು ನೆಟ್ಟಗಾದ ಉದಾಹರಣೆಗಳಲ್ಲಿ ಇದೊಂದು.

೧೮೪೨ರಲ್ಲಿ ಲಿವರ್‌ಪೂಲಿಗಾಗಿಯೇ ಪಾರ್ಲಿಮೆಂಟಿನಿಂದ ಒಂದು ಕಟ್ಟಡದ ಕಾಯಿದೆಯಾಯಿತು. ವಠಾರಗಳೊಳಗಿನ ನೆಲಮಾಳಿಗೆಗಳಲ್ಲಿ ಯಾರೂ ವಾಸಿಸಕೂಡದೆಂದು ಅದು ವಿಧಿಸಿತು. ೧೮೪೬ರಲ್ಲಿ ಮತ್ತೊಂದು ಆರೋಗ್ಯದ ಕಾಯಿದೆ ಬಂದು, ೧೮೪೭ನೆಯ ಜನವರಿ ೧ರಂದು ಡಂಕನ್ನನೇ ಊರಿನ ಆರೋಗ್ಯಾಧಿಕಾರಿಯಾಗಿ ನಿಯಮಿತನಾದನು. ಇಂಗ್ಲೆಂಡಿನಲ್ಲಿ ಅಂಥ ಹುದ್ದೆಯನ್ನು ವಹಿಸಿದವರಲ್ಲಿ ಅವನೇ ಮೊದಲಿಗನು. ಅಧಿಕಾರವು ಕೈಗೆ ಬಂದ ವರ್ಷವೇ ಅದರ ಪರೀಕ್ಷೆಯ ವರ್ಷವೂ ಆಯಿತು. ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಘೋರ ಕ್ಷಾಮವು ತಲೆದೋರಿತ್ತು. ೧೮೪೭ ಒಂದೇ ವರ್ಷದಲ್ಲಿ ಸುಮಾರು ೩ ಲಕ್ಷ ಜನರು ಐರ್ಲೆಂಡಿನಿಂದ ಬಂದು ಲಿವರ್‌ಪೂಲಿನ ದಕ್ಕೆಗಳಲ್ಲಿ ಇಳಿದರು. ಕೈಯಲ್ಲಿ ಹಣವಿದ್ದವರು ಅಮೆರಿಕಕ್ಕೆ ಹಡಗು ಹತ್ತಿದರು, ಇಲ್ಲದವರು ಉಳಿದುಕೊಂಡರು. ಉಳಿದುಕೊಂಡವರಿಗೆ ಎಲ್ಲಿ ಜಾಗ? ಕಾಯಿದೆಯ ಬಲದಿಂದ ತೆರವು ಮಾಡಿಸಿ ಮುಚ್ಚಿದ್ದ ನೆಲಮಾಳಿಗೆಗಳ ಬಾಗಿಲುಗಳೇ ಮತ್ತೆ ತೆರೆದುವು. ಟೈಫಸ್ ಜ್ವರವು ಬೀದಿಯಿಂದ ಬೀದಿಗೆ ಹಬ್ಬಿತು. ಸಾಯುವವರ ಬಳಿ ಪ್ರಾರ್ಥನೆ ಹೇಳಲು ನೆಲಮಾಳಿಗೆಗಳಿಗೆ ಇಳಿದ ಕ್ಯಾಥೊಲಿಕ್ ಪಾದ್ರಿಗಳಲ್ಲಿಯೇ ಹತ್ತು ಮಂದಿ ಆ ವರ್ಷ ಅದೇ ಜ್ವರದಿಂದ ಮಡಿದರು.

ಡಂಕನ್ನನ ಕೈಯಲ್ಲಿ ಜನರನ್ನು ಹೊರಡಿಸುವ ಅಧಿಕಾರವಿತ್ತು, ಅವರನ್ನು ಇರಿಸುವ ಮನೆಯಿರಲಿಲ್ಲ. ಹೊರಡಿಸಲ್ಪಟ್ಟ ಕುಟುಂಬವು ಮೊದಲೇ ತುಂಬಿದ್ದ ಮೇಲಂತಸ್ತಿನ ಕೋಣೆಗೆ ಸೇರಿ ಅಲ್ಲಿನ ಇಕ್ಕಟ್ಟನ್ನು ಹೆಚ್ಚಿಸಿತು, ಇಲ್ಲವೇ ಬೇರೊಂದು ಬೀದಿಯ ನೆಲಮಾಳಿಗೆಗೆ ಇಳಿಯಿತು. ಲಿವರ್‌ಪೂಲಿನ ನಗರಸಭೆಯು ತಾನೇ ಹಣ ಹಾಕಿ ಕೂಲಿಕಾರರಿಗೆಂದು ಸೇಂಟ್ ಮಾರ್ಟಿನ್ಸ್ ಕಾಟೇಜಸ್ ಎಂಬ ಮನೆಗಳನ್ನು ಕಟ್ಟಿಸಿದ್ದು ೧೮೬೯ರಲ್ಲಿ. ಇಂಗ್ಲೆಂಡಿನಲ್ಲಿ ಪೌರಸಭೆಯು ಕಟ್ಟಿಸಿದ ವಸತಿಗಳಲ್ಲಿ ಅದು ಮೊದಲನೆಯದೆಂದು ಎಣಿಕೆ. ಅಷ್ಟು ಹೊತ್ತಿಗೆ ಡಂಕನ್ ತೀರಿಕೊಂಡು ಆರು ವರ್ಷಗಳಾಗಿದ್ದುವು. ನಿಷೇಧಕ್ಕೂ ನಿವಾಸಕ್ಕೂ ನಡುವೆ ಇಪ್ಪತ್ತೇಳು ವರ್ಷಗಳ ಅಂತರವು ಬಿದ್ದಿತು. ಈ ಅಂತರವೇ ನೆಲಮಾಳಿಗೆಯ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದು ತೋರುತ್ತದೆ. ಮುಂದೆಯೂ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಇಷ್ಟೆಲ್ಲ ಅನುಭವವು ಸಾಂದ್ರವಾಗಿ ಒಂದೆಡೆ ಸೇರಿರುವುದು ೧೮೭೫ರ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯದ ಕಾಯಿದೆಯಲ್ಲಿ. ಅದರ ೭೧ರಿಂದ ೭೫ರವರೆಗಿನ ಪ್ರಕರಣಗಳನ್ನು ಕಟ್ಟಡಗಳಲ್ಲಿ ಆಸಕ್ತಿಯಿಲ್ಲದವರೂ ಓದಿ ನೋಡಬಹುದು; ಒಂದೊಂದು ಅಳತೆಯ ಹಿಂದೆಯೂ ಒಂದೊಂದು ಸಾವು ನಿಂತಿದೆ. ಆ ಕಾಯಿದೆಯ ನಂತರ ಕಟ್ಟಿದ ಯಾವ ನೆಲಮಾಳಿಗೆಯನ್ನೂ ಪ್ರತ್ಯೇಕವಾದ ವಾಸಕ್ಕೆ ಕೊಡಕೂಡದು. ಮೊದಲಿಂದ ವಾಸವಿದ್ದ ನೆಲಮಾಳಿಗೆಯಾದರೆ ಅದರ ಎತ್ತರ ಎಲ್ಲ ಕಡೆಯೂ ೭ ಅಡಿಗೆ ಕಡಿಮೆಯಿರಬಾರದು. ಅದರಲ್ಲಿ ೩ ಅಡಿಯಾದರೂ ಬೀದಿಯ ಮಟ್ಟಕ್ಕಿಂತ ಮೇಲಿರಬೇಕು. ಮುಂಭಾಗದ ಉದ್ದಕ್ಕೂ, ನೆಲಗಟ್ಟಿಗಿಂತ ೬ ಅಂಗುಲ ಆಳದಿಂದ ಹಿಡಿದು, ೨ ಅಡಿ ೬ ಅಂಗುಲ ಅಗಲದ ತೆರವು ಇರಬೇಕು. ಚರಂಡಿಯ ಮೇಲ್ಭಾಗವು ನೆಲಗಟ್ಟಿನಿಂದ ಒಂದಡಿಯಾದರೂ ಕೆಳಗಿರಬೇಕು. ಒಲೆಯೂ ಹೊಗೆ ಹೋಗುವ ಗೂಡೂ ಬೇಕು. ಚೌಕಟ್ಟನ್ನು ಬಿಟ್ಟು ೯ ಚದರ ಅಡಿಯ, ತೆರೆಯಲು ಬರುವ ಕಿಟಕಿಯೊಂದು ಬೇಕು. ಕಿಟಕಿಯಿದ್ದರೆ ಸಾಲದು, ಅದು ತೆರೆಯಬೇಕು ಎಂಬ ಎಚ್ಚರಿಕೆಯ ಮಾತನ್ನು ಯಾವ ಬಾಡಿಗೆಯ ಮಾಲೀಕನ ಯಾವ ಮೊಳೆಹೊಡೆದ ಕಿಟಕಿಯನ್ನು ನೋಡಿ ಬರೆದರೋ!

ಕಾಯಿದೆಯನ್ನು ಬರೆದವರಿಗೆ ಮನುಷ್ಯಸ್ವಭಾವದ ಪರಿಚಯವೂ ಚೆನ್ನಾಗಿತ್ತು. ಇದು ಮನೆಯಲ್ಲ, ಕೇವಲ ಉಗ್ರಾಣ. ಈ ಚಾಪೆ ಕಾವಲುಗಾರನದು ಎಂದು ಮಾಲೀಕನು ವಾದಿಸಿದರೆ ತನಿಖೆಯವನು ಏನು ಮಾಡಬೇಕು? ೭೪ನೆಯ ಪ್ರಕರಣವು ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿತು: ಯಾವ ನೆಲಮಾಳಿಗೆಯಲ್ಲಿ ಯಾವನೇ ಆಗಲಿ ರಾತ್ರಿಯನ್ನು ಕಳೆಯುವನೋ ಅದು ವಾಸದ ಮನೆಯೆಂದೇ ಭಾವಿಸತಕ್ಕದ್ದು. ತಪ್ಪಿದವನಿಗೆ ನೋಟೀಸಿನ ಮೇಲೆ ದಿನಕ್ಕೆ ೨೦ ಷಿಲಿಂಗಿನವರೆಗೆ ದಂಡ; ಮೂರು ತಿಂಗಳೊಳಗೆ ಎರಡು ಸಲ ಅಪರಾಧಿಯೆಂದು ತೀರ್ಪಾದರೆ ನ್ಯಾಯಾಲಯವು ನೆಲಮಾಳಿಗೆಯನ್ನೇ ಮುಚ್ಚಿಸಬಹುದು. ಹಗಲಿನ ಕೆಲಸಕ್ಕೂ ರಾತ್ರಿಯ ನಿದ್ರೆಗೂ ಕಾನೂನು ಅಂದು ಮಾಡಿದ ಈ ಭೇದವು ಬಹು ದೂರ ಪ್ರಯಾಣ ಮಾಡಿತು. ನಿದ್ರಿಸುವವನಿಗೆ ಹೊಗೆಯೂ ನೀರೂ ತಡವಾಗಿ ತಿಳಿಯುತ್ತವೆ.

ಐರ್ಲೆಂಡಿನ ವಲಸೆಗಾರರನ್ನು ಲಿವರ್‌ಪೂಲಿನಿಂದ ಹೊತ್ತೊಯ್ದ ಹಡಗುಗಳು ನೆಲಮಾಳಿಗೆಯ ಸಮಸ್ಯೆಯನ್ನೂ ನ್ಯೂಯಾರ್ಕಿಗೆ ಒಯ್ದುವೆಂದರೆ ಪೂರ್ತಿ ಸರಿಯಾಗದು. ಅದು ಅಲ್ಲಿ ಮೊದಲೇ ಇತ್ತು. ನಗರದ ಆರೋಗ್ಯ ತನಿಖಾಧಿಕಾರಿಯಾಗಿದ್ದ ಜಾನ್ ಗ್ರಿಸ್ಕಂ ಎಂಬ ವೈದ್ಯನು ೧೮೪೨ರಲ್ಲಿ ೧,೪೫೯ ನೆಲಮಾಳಿಗೆಗಳಲ್ಲಿ ೭,೧೯೬ ಜನರನ್ನು ಎಣಿಸಿದ್ದನು. ಕ್ಷಾಮದ ವಲಸೆಯ ತರುವಾಯ, ೧೮೫೦ರಲ್ಲಿ, ಪೋಲೀಸರ ಲೆಕ್ಕವು ಹದಿನೆಂಟು ಸಾವಿರವನ್ನು ದಾಟಿತು. ೧೮೬೬ರಲ್ಲಿ ಅಲ್ಲಿ ಆರೋಗ್ಯಮಂಡಲಿಯು ಸ್ಥಾಪಿತವಾಗಿ, ೧೮೬೭ರಲ್ಲಿ ಬಾಡಿಗೆ ವಠಾರಗಳ ಮೊದಲನೆಯ ಕಾಯಿದೆಯಾಯಿತು. ಆರೋಗ್ಯಮಂಡಲಿಯ ಲಿಖಿತ ಪರವಾನಗಿಯಿಲ್ಲದೆ ನೆಲಮಾಳಿಗೆಯನ್ನು ವಾಸಕ್ಕೆ ಬಳಸಕೂಡದೆಂದು ಅದರಲ್ಲಿ ವಿಧಿಸಿದರು. ನಿಷೇಧವು ಇಲ್ಲಿ ಅನುಮತಿಯ ವೇಷವನ್ನು ಧರಿಸಿತು. ಈ ಬದಲಾವಣೆಯನ್ನು ಸಣ್ಣದೆಂದು ಎಣಿಸಲಾಗದು. ‘ಕೂಡದು’ ಎಂಬ ಕಾನೂನನ್ನು ಮೀರಿದವನನ್ನು ಹುಡುಕಿಕೊಂಡು ತನಿಖೆಯವನು ಹೋಗಬೇಕು. ‘ಕೇಳಿಕೊಂಡು ಮಾಡು’ ಎಂಬ ಕಾನೂನಿನಲ್ಲಿ ಕಟ್ಟುವವನೇ ನಕ್ಷೆಯನ್ನು ಹಿಡಿದುಕೊಂಡು ಕಚೇರಿಗೆ ಬರಬೇಕು. ೧೯೦೧ರ ಕಾಯಿದೆಯು ಇದನ್ನು ಬಿಗಿಗೊಳಿಸಿತು. ಕ್ರಮೇಣ ಅಲ್ಲಿನ ಕಾನೂನಿನಲ್ಲಿ ಎರಡು ಪದಗಳು ಬೇರ್ಪಟ್ಟುವು: ಎತ್ತರದ ಅರ್ಧವಾದರೂ ಬೀದಿಯ ಮಟ್ಟದಿಂದ ಮೇಲಿದ್ದರೆ ಅದು ಬೇಸ್‌ಮೆಂಟು, ಅರ್ಧಕ್ಕಿಂತ ಹೆಚ್ಚು ಹೂತಿದ್ದರೆ ಸೆಲ್ಲರು. ಮೊದಲನೆಯದನ್ನು ನಿಯಮಗಳಿಗೆ ಒಳಪಡಿಸಿ ವಾಸಕ್ಕೆ ಕೊಡಬಹುದು. ಎರಡನೆಯದನ್ನು ಒಂದೆರಡು ಕುಟುಂಬಗಳ ಮನೆಗಳಲ್ಲಿ ಬಾಡಿಗೆಗೆ ಕೊಡುವಂತೆಯೇ ಇಲ್ಲವೆಂಬುದು ನ್ಯೂಯಾರ್ಕಿನಲ್ಲಿ ಬಹುಕಾಲ ನಡೆದುಬಂದ ಕಟ್ಟಳೆ.

ಈ ಕಥೆಯು ಬಡವರ ನೆಲಮಾಳಿಗೆಯದು. ಅಮೆರಿಕದ ಅನುಕೂಲಸ್ಥರ ನೆಲಮಾಳಿಗೆಯ ಕಥೆ ಬೇರೆ ದಾರಿಯಲ್ಲಿ ಬಂದು ಇದೇ ನಿಯಮಗಳನ್ನು ಕೂಡಿಕೊಂಡಿತು. ಉತ್ತರದ ಶೀತಪ್ರದೇಶಗಳಲ್ಲಿ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ತಳಪಾಯವು ಆ ಉಬ್ಬಿಗೆ ಸಿಕ್ಕಿದರೆ ಗೋಡೆ ಬಿರಿಯುತ್ತದೆ. ಆದುದರಿಂದ ಹೆಪ್ಪು ಇಳಿಯುವ ಮಟ್ಟಕ್ಕಿಂತ ಕೆಳಗೆ ತಳಪಾಯವನ್ನು ಹಾಕಬೇಕು. ಚಿಕಾಗೋ ಪ್ರಾಂತದಲ್ಲಿ ಈ ಆಳವು ೪೨ ಅಂಗುಲ. ಇಷ್ಟು ತೋಡಿದ ಮೇಲೆ ಇನ್ನು ನಾಲ್ಕಡಿ ತೋಡಿದರೆ ಮನೆಯ ಅಗಲಕ್ಕೂ ಒಂದು ನೆಲಮಾಳಿಗೆ ದೊರೆಯುವುದೆಂದು ಗೃಹಸ್ಥರು ಲೆಕ್ಕ ಹಾಕಿದರು. ಅಲ್ಲಿ ಕಲ್ಲಿದ್ದಲಿನ ರಾಶಿ, ಮನೆಯನ್ನು ಕಾಯಿಸುವ ಕುಲುಮೆ, ಬಟ್ಟೆ ಒಗೆಯುವ ತೊಟ್ಟಿಗಳು ಇರುತ್ತಿದ್ದುವು. ೧೯೪೫ರ ನಂತರ ಎಣ್ಣೆಯೂ ಕೊಳವೆಯಲ್ಲಿ ಬರುವ ಅನಿಲವೂ ಕಲ್ಲಿದ್ದಲನ್ನು ಓಡಿಸಿದುವು. ಮಸಿ ಹೋಯಿತು, ಜಾಗ ಉಳಿಯಿತು. ಬರಿಯ ಕಾಂಕ್ರೀಟು ಗೋಡೆಗೆ ಮರದ ಚೌಕಟ್ಟನ್ನು ಕೊಟ್ಟು, ಜಿಪ್ಸಮ್ ಹಲಗೆಯನ್ನು ಹೊದಿಸಿ, ದೀಪಗಳನ್ನು ಹಾಕಿ, ಮಕ್ಕಳ ಆಟಕ್ಕೂ ಅತಿಥಿಗಳ ನಿದ್ರೆಗೂ ಕೋಣೆಗಳನ್ನು ಮಾಡಿಸುವುದು ರೂಢಿಯಾಯಿತು. ಅಮೆರಿಕದಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿಯೂ ಗಣೇಶನ ಹಬ್ಬದ ನೆಂಟರು ಸೇರುವುದು, ಊರಿನಿಂದ ಹೋದ ತಂದೆತಾಯಿಗಳು ಇಳಿದುಕೊಳ್ಳುವುದು ಎಷ್ಟೋ ಕಡೆ ಇಂಥ ಕೋಣೆಗಳಲ್ಲಿಯೇ.

ಈ ಕೆಲಸಕ್ಕೆ ಇಂದು ಬಹುಪಾಲು ಊರುಗಳಲ್ಲಿ ಪರವಾನಗಿ ಬೇಕು. ೨೦೦೦ದಲ್ಲಿ ಮೊದಲು ಪ್ರಕಟವಾದ ಅಂತಾರಾಷ್ಟ್ರೀಯ ವಸತಿ ಸಂಹಿತೆಯೆಂಬ ಮಾದರಿ ನಿಯಮಾವಳಿಯನ್ನು ಸಂಸ್ಥಾನಗಳೂ ಪುರಸಭೆಗಳೂ ತಮಗೆ ಬೇಕಾದ ತಿದ್ದುಪಡಿಗಳೊಡನೆ ಅಂಗೀಕರಿಸಿವೆ. ಹೆಸರು ಅಂತಾರಾಷ್ಟ್ರೀಯವಾದರೂ ಅದು ನಡೆಯುವುದು ಮುಖ್ಯವಾಗಿ ಅಮೆರಿಕದಲ್ಲಿ, ಇರಲಿ. ಅದರ ಪ್ರಕಾರ ವಾಸದ ಕೋಣೆಯ ಎತ್ತರವು ೭ ಅಡಿ. ಲಿವರ್‌ಪೂಲಿನ ಕಾಲದ ಆ ಏಳು ಅಡಿಯೇ ಇಲ್ಲಿಯೂ ನಿಂತಿದೆ. ತೊಲೆಯ ಅಡಿಯಲ್ಲಿ ಮಾತ್ರ ೬ ಅಡಿ ೪ ಅಂಗುಲದವರೆಗೆ ರಿಯಾಯಿತಿ. ಹೊಸತಾಗಿ ಸೇರಿದ್ದು ತಪ್ಪಿಸಿಕೊಳ್ಳುವ ಕಿಟಕಿ. ನೆಲಮಾಳಿಗೆಯ ಪ್ರತಿಯೊಂದು ಮಲಗುವ ಕೋಣೆಗೂ ನೇರವಾಗಿ ಹೊರಕ್ಕೆ ತೆರೆಯುವ, ೫.೭ ಚದರ ಅಡಿಯ ನಿಚ್ಚಳವಾದ ಕಂಡಿಯಿರಬೇಕು. ಎತ್ತರ ೨೪ ಅಂಗುಲಕ್ಕೂ ಅಗಲ ೨೦ ಅಂಗುಲಕ್ಕೂ ಕಡಿಮೆಯಾಗಬಾರದು. ಅದರ ಕೆಳ ಅಂಚು ನೆಲದಿಂದ ೪೪ ಅಂಗುಲಕ್ಕಿಂತ ಮೇಲಿರಬಾರದು. ಬೆನ್ನ ಮೇಲೆ ಗಾಳಿಯ ಸಿಲಿಂಡರನ್ನು ಹೊತ್ತ ಬೆಂಕಿದಳದವನು ಒಳಗೆ ನುಗ್ಗಲು ಬೇಕಾಗುವಷ್ಟು, ನಿದ್ದೆಗಣ್ಣಿನ ಮನುಷ್ಯನು ಹೊರಕ್ಕೆ ಏರಲು ಬೇಕಾಗುವಷ್ಟು ಜಾಗವಿದು. ಕಿಟಕಿಯ ಹೊರಗೆ ೯ ಚದರ ಅಡಿಯ ಗುಂಡಿಯನ್ನು ತೋಡಿ ಬಿಡಬೇಕು. ಅದರ ಆಳ ೪೪ ಅಂಗುಲವನ್ನು ಮೀರಿದರೆ ಏಣಿಯೂ ಬೇಕು. ತನಿಖೆಯವನು ಕಡೇಪಕ್ಷ ಎರಡು ಸಲ ಬರುತ್ತಾನೆ: ತಂತಿ, ಕೊಳವೆ, ಚೌಕಟ್ಟುಗಳ ಮೇಲೆ ಹಲಗೆ ಮುಚ್ಚುವುದಕ್ಕೆ ಮೊದಲು ಒಮ್ಮೆ, ಎಲ್ಲ ಮುಗಿದ ಮೇಲೆ ಒಮ್ಮೆ. ಮುಚ್ಚಿದ ಗೋಡೆಯ ಹಿಂದೆ ಏನಿದೆಯೆಂಬುದನ್ನು ಆಮೇಲೆ ಬೆಂಕಿಯೊಂದೇ ತೋರಿಸಬಲ್ಲುದು. ಈ ಕಟ್ಟಳೆಗಳಿಗೆ ಗೃಹಸ್ಥರು ಗೊಣಗುವುದುಂಟು. ಶುಲ್ಕಕ್ಕೆ ಹೆದರಿ ಕದ್ದು ಕೆಲಸ ಮುಗಿಸುವವರೂ ಉಂಟು, ಅಂಥವರಿಗೆ ಮನೆಯನ್ನು ಮಾರುವ ದಿವಸ ತೊಡಕುಗಳು ಏಳುತ್ತವೆ.

ಹಗೇವಿನ ಕೆಟ್ಟ ಗಾಳಿಯೂ ಇಲ್ಲಿ ಬೇರೊಂದು ರೂಪದಲ್ಲಿ ಬಂದಿತು. ೧೯೮೪ರಲ್ಲಿ ಪೆನ್ಸಿಲ್ವೇನಿಯದ ಒಂದು ಪರಮಾಣು ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದ ಒಬ್ಬ ಇಂಜಿನಿಯರನ ಮೈಯಿಂದ ಅಲ್ಲಿನ ವಿಕಿರಣದ ಎಚ್ಚರಿಕೆಯ ಗಂಟೆ ಬಾರಿಸಿತು. ಶೋಧಿಸಿದಾಗ ದೋಷವು ವಿದ್ಯುದಾಗಾರದ್ದಲ್ಲ, ಅವನ ಮನೆಯದೆಂದು ತಿಳಿಯಿತು. ಮಣ್ಣಿನೊಳಗಿನ ಯುರೇನಿಯಮಿನಿಂದ ಹುಟ್ಟುವ ರೇಡಾನ್ ಎಂಬ ಬಣ್ಣವಾಸನೆಗಳಿಲ್ಲದ ಅನಿಲವು ತಳಪಾಯದ ಬಿರುಕುಗಳಲ್ಲಿ ಏರಿ ಮನೆಯೊಳಗೆ ಶೇಖರವಾಗಿತ್ತು. ಅಂದಿನಿಂದ, ಕೋಣೆಯನ್ನು ಮಾಡಿಸುವ ಮುನ್ನ ನೆಲಮಾಳಿಗೆಯ ಗಾಳಿಯನ್ನು ಪರೀಕ್ಷಿಸುವುದು ಜಾಣತನವೆಂದು ಅಲ್ಲಿ ಎಣಿಸುತ್ತಾರೆ.

ಆದರೆ ಬಡವರ ನೆಲಮಾಳಿಗೆ ಎಲ್ಲಿಯೂ ಹೋಗಿರಲಿಲ್ಲ. ೨೦೨೧ನೆಯ ಸೆಪ್ಟೆಂಬರ್ ೧ರ ರಾತ್ರಿ ಐಡಾ ಎಂಬ ಚಂಡಮಾರುತದ ಶೇಷವು ನ್ಯೂಯಾರ್ಕಿನ ಮೇಲೆ ಸುರಿಯಿತು. ಸೆಂಟ್ರಲ್ ಪಾರ್ಕಿನ ಮಳೆಮಾಪಕದಲ್ಲಿ ಒಂದೇ ಗಂಟೆಯಲ್ಲಿ ೩.೧೫ ಅಂಗುಲ ಮಳೆಯು ದಾಖಲಾಯಿತು. ಆ ನಗರದಲ್ಲಿ ಆ ರಾತ್ರಿ ಸತ್ತ ೧೩ ಜನರಲ್ಲಿ ೧೧ ಮಂದಿ ನೆಲಮಾಳಿಗೆಯ ವಾಸಿಗಳು. ಅವರಲ್ಲಿ ಮಗುವೂ ಇತ್ತು, ಮುದುಕರೂ ಇದ್ದರು. ಮೂರು ಅಡಿ ಅಗಲದ ಬಾಗಿಲಿನ ಹೊರಗೆ ಮೂರು ಅಡಿ ನೀರು ನಿಂತರೆ ಅದರ ಒತ್ತಡವು ಎಂಟುನೂರು ಪೌಂಡಿಗೂ ಮಿಗಿಲು. ಒಳಗಿನ ಮನುಷ್ಯನು ಎಷ್ಟು ಬಲಶಾಲಿಯಾದರೂ ಅದನ್ನು ತಳ್ಳಿ ತೆರೆಯಲಾರನು. ಬೇರೊಂದು ಕಂಡಿಯಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಸಾವು ಸಂಭವಿಸಿದ ಮನೆಗಳಲ್ಲಿ ಹೆಚ್ಚಿನವು ಪರವಾನಗಿಯಿಲ್ಲದೆ ಮಾರ್ಪಡಿಸಿದವೆಂದು ನಗರದ ಕಟ್ಟಡ ಇಲಾಖೆಯು ತಿಳಿಸಿತು. ಅಂಥ ನೆಲಮಾಳಿಗೆಯ ಮನೆಗಳು ಆ ನಗರದಲ್ಲಿ ಕನಿಷ್ಠ ೫೦ ಸಾವಿರವಾದರೂ ಇರುವುವೆಂದು ಆಗ ಅಂದಾಜಾಯಿತು. ನೀರಿನ ಈ ಪಾಠವು ಭಾರತಕ್ಕೂ ತಟ್ಟದೆ ಹೋಗಲಿಲ್ಲ. ೨೦೨೪ನೆಯ ಜುಲೈ ೨೭ರಂದು ದೆಹಲಿಯ ಓಲ್ಡ್ ರಾಜೇಂದ್ರನಗರದಲ್ಲಿ, ಸಾಮಾನು ಇಡುವುದಕ್ಕೂ ವಾಹನ ನಿಲ್ಲಿಸುವುದಕ್ಕೂ ಮಾತ್ರ ಅನುಮತಿಯಿದ್ದ ಒಂದು ನೆಲಮಾಳಿಗೆಯನ್ನು ವಾಚನಾಲಯವಾಗಿ ಬಳಸುತ್ತಿದ್ದಲ್ಲಿಗೆ ಮಳೆನೀರು ನುಗ್ಗಿ, ಪರೀಕ್ಷೆಗೆ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. ಅಲ್ಲಿ ಯಾರೂ ರಾತ್ರಿಯನ್ನು ಕಳೆಯುತ್ತಿರಲಿಲ್ಲ; ೧೮೭೫ರ ವ್ಯಾಖ್ಯೆಯನ್ನು ಅಷ್ಟರಮಟ್ಟಿಗೆ ವಿಸ್ತರಿಸಬೇಕಾಗಿದೆ.

ನ್ಯೂಯಾರ್ಕಿನ ಅಧಿಕಾರಿಗಳ ಮುಂದೆ ನಿಂತದ್ದು ಡಂಕನ್ನನ ಮುಂದೆ ನಿಂತಿದ್ದ ಪ್ರಶ್ನೆಯೇ. ಐವತ್ತು ಸಾವಿರ ಮನೆಗಳನ್ನು ಮುಚ್ಚಿಸಿದರೆ ಅಲ್ಲಿರುವವರು ಎಲ್ಲಿಗೆ ಹೋಗಬೇಕು? ಮುಚ್ಚಿಸದಿದ್ದರೆ ಮುಂದಿನ ಮಳೆಗೆ ಯಾರು ಹೊಣೆ? ಇಂಥ ಮನೆಗಳನ್ನು ನಿಯಮಕ್ಕೆ ಒಳಪಡಿಸಿ ಸಕ್ರಮಗೊಳಿಸುವ ಪ್ರಯೋಗವೊಂದು ಬ್ರೂಕ್ಲಿನ್ನಿನ ಈಸ್ಟ್ ನ್ಯೂಯಾರ್ಕ್ ಭಾಗದಲ್ಲಿ ೨೦೧೯ರಲ್ಲಿಯೇ ಆರಂಭವಾಗಿತ್ತು. ನೆಲವನ್ನು ತೋಡಿ ಎತ್ತರವನ್ನು ಹೆಚ್ಚಿಸುವುದು, ಕಿಟಕಿಗಳನ್ನು ಕೊಯ್ಯುವುದು, ನೀರು ಚಿಮ್ಮುವ ಕೊಳವೆಗಳನ್ನು ಹಾಕುವುದು ಇವೆಲ್ಲದರ ವೆಚ್ಚವು ಸಾಮಾನ್ಯ ಮಾಲೀಕನ ಶಕ್ತಿಯನ್ನು ಮೀರಿತು. ಮಹಾಮಾರಿಯ ವರ್ಷದಲ್ಲಿ ಸರ್ಕಾರದ ಹಣವೂ ಕಡಿತವಾಯಿತು. ಮುಗಿದ ಮನೆಗಳು ಬೆರಳೆಣಿಕೆಯಷ್ಟು. ೨೦೨೪ರ ಡಿಸೆಂಬರಿನಲ್ಲಿ ನಗರಸಭೆಯು ಹೊಸ ವಸತಿ ನಿಯಮಗಳನ್ನು ಅಂಗೀಕರಿಸಿ, ನೆರೆಯ ಭಯವಿರುವ ಜಾಗಗಳನ್ನು ಹೊರತುಪಡಿಸಿ, ಕೆಲವು ಬಗೆಯ ನೆಲಮಾಳಿಗೆಯ ಮನೆಗಳಿಗೆ ದಾರಿಯನ್ನು ತೆರೆಯಿತು. ಆದರೆ ಅನುಮತಿಯಿಲ್ಲದ ಮನೆಯೆಂದು ಕಂಡುಬಂದರೆ ತೆರವಿನ ಆಜ್ಞೆಯು ಮೊದಲು ತಗಲುವುದು ಅಲ್ಲಿ ಮಲಗುವವನಿಗೇ. ಕಿಟಕಿಯಿಲ್ಲದ ಕೋಣೆಯ ಮೇಲೆ ದೂರು ಕೊಡಬೇಕಾದ ಬಾಡಿಗೆದಾರನು ದೂರು ಕೊಡುವುದಿಲ್ಲ. ತನಿಖಾಧಿಕಾರಿಯು ಬಂದು ಬಾಗಿಲು ತಟ್ಟಿದರೆ ತೆರೆಯುವುದೂ ಇಲ್ಲ.